ಮೈಕ್ರೋವೇವ್ ಎಲ್ಲಿಡೋದು? ಮೊದಲು ಬಿಸಿ ಪಾತ್ರೆ ಎಲ್ಲಿಡುತ್ತೀರಿ ಹೇಳಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಹಳೇ ಹೆಂಚಿನ ಮನೆ. ಅಡುಗೆಮನೆ ಪೂರ್ತಿ ಕಿತ್ತು ಹೊಸದಾಗಿ ಮಾಡಿಸುತ್ತಿದ್ದೇವೆ. 14 ಅಡಿ ಉದ್ದ, 10 ಅಡಿ ಅಗಲ. ಪೂರ್ವದ ಗೋಡೆಗೆ ಗ್ಯಾಸ್ ಕಟ್ಟೆ. ಪಶ್ಚಿಮದ ಗೋಡೆಗೆ ಕಿಟಕಿ, ಅದರ ಕೆಳಗೆ ಸಿಂಕ್ ಕಟ್ಟೆ. ದಕ್ಷಿಣದ ಗೋಡೆಯ ಆಚೆ ಊಟದ ಹಾಲ್. ಆ ಗೋಡೆಯ ಎಡ ತುದಿಗೆ ಬಾಗಿಲು, ಬಾಗಿಲ ಪಕ್ಕ ಫ್ರಿಜ್. ಫ್ರಿಜ್‌ಗೂ ಸಿಂಕ್ ಕಟ್ಟೆಗೂ ನಡುವೆ ಎರಡೂವರೆ ಅಡಿ ಉಳಿಯುತ್ತದೆ. ಅಲ್ಲಿ ಟಾಲ್ ಯೂನಿಟ್ (ನೆಲದಿಂದ ಮೇಲಕ್ಕೆ ಬರುವ ಉದ್ದ ಕಪಾಟು) ಕೂರಿಸಿ, ಮೈಕ್ರೋವೇವನ್ನು ಅದರೊಳಗೆ ನಾಲ್ಕೂವರೆ ಅಡಿ ಎತ್ತರಕ್ಕೆ ಇಡುತ್ತೇವೆ ಎನ್ನುತ್ತಾರೆ ಮಾಡ್ಯುಲರ್ ಕಿಚನ್‌ನವರು. ನಮ್ಮನೆಯವರು ಫ್ರಿಜ್ ಮೇಲೇ ಸಾಕು ಎನ್ನುತ್ತಾರೆ. ಬಡಗಿ ಗ್ಯಾಸ್ ಪಕ್ಕ ಇಡಿ ಎನ್ನುತ್ತಾರೆ. ಅತ್ತೆಗೆ ಒಲೆ ಹತ್ತಿರ ಮುಸುರೆ ಬರುವುದು ಬೇಡ. ನಮ್ಮದು 28 ಲೀಟರ್ ಕನ್ವೆಕ್ಷನ್ ಮೈಕ್ರೋವೇವ್ (ಬಿಸಿ ಗಾಳಿಯಲ್ಲಿ ಕೇಕನ್ನೂ ಬೇಯಿಸುವಂಥದ್ದು), ಈಗಾಗಲೇ ಇದೆ. ನನ್ನ ಎತ್ತರ 5 ಅಡಿ 1 ಇಂಚು, ಅತ್ತೆ ಇನ್ನೂ ಗಿಡ್ಡ. ಮಗ ಹಾಲ್‌ನಲ್ಲಿ ಕೂತು ಆಫೀಸ್ ಕೆಲಸ ಮಾಡುತ್ತಾನೆ, ವೈಫೈ ಡಬ್ಬ ಅದೇ ಗೋಡೆಗಿದೆ. ಯಾರ ಮಾತು ಕೇಳಲಿ?

ಉತ್ತರ: ಜಾಗದ ವಿಷಯದಲ್ಲಿ ಮಾಡ್ಯುಲರ್‌ನವರು ಹೇಳಿದ್ದು ಸರಿ. ಎತ್ತರದ ವಿಷಯದಲ್ಲಿ ತಪ್ಪು. ಪೆಟ್ಟಿಗೆಯೊಳಗೆ ಸೇರಿಸುವ ವಿಷಯದಲ್ಲಂತೂ ಪೂರ್ತಿ ತಪ್ಪು. ಇವರೆಲ್ಲರಿಗಿಂತ ಉಪಯೋಗಕ್ಕೆ ಬರುವ ಮಾತು ನಿಮ್ಮ ಅತ್ತೆಯವರದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಒಲೆ, ಸಿಂಕ್, ಫ್ರಿಜ್ ಎಲ್ಲದರ ಜಾಗ ಗೊತ್ತಾದ ಮೇಲೆ, ಎಲ್ಲಿ ಸಂದು ಉಳಿದಿದೆಯೋ ಅಲ್ಲಿಗೆ ಟೇಪ್ ಹಿಡಿಯುತ್ತಾರೆ. ಮೈಕ್ರೋವೇವ್ ಅದರಲ್ಲಿ ಕೂತರೆ ಮುಗೀತು. ಯಂತ್ರ ಕೂರಿಸುವುದು ದೊಡ್ಡ ಕೆಲಸವೇ ಅಲ್ಲ. ಅದರಿಂದ ಬಿಸಿ ಪಾತ್ರೆ ಹೊರಗೆ ತೆಗೆದ ಕೈ ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ಯಾರೂ ಕೇಳುವುದಿಲ್ಲ. ನಾನು ಪ್ಲಾನ್ ಹಾಕುವಾಗ ಅಲ್ಲಿಂದಲೇ ಶುರು ಮಾಡುತ್ತೇನೆ. ಪಾತ್ರೆ ಇಳಿಸುವ ಜಾಗ ಮೊದಲು, ಯಂತ್ರ ಆಮೇಲೆ.

ನಮ್ಮ ಮನೆಗಳಲ್ಲಿ ಮೈಕ್ರೋವೇವ್ ಮಾಡುವ ಕೆಲಸ ಏನು? ಅಡುಗೆ ಕಡಿಮೆ. ಫ್ರಿಜ್‌ನಿಂದ ತೆಗೆದ ಸಾರು, ಪಲ್ಯ, ಹಾಲು ಬಿಸಿ ಮಾಡುವುದು. ಮಳೆಗಾಲದಲ್ಲಿ ಮೆತ್ತಗಾದ ಅವಲಕ್ಕಿಯನ್ನೋ ಕುರುಕನ್ನೋ ಮತ್ತೆ ಗರಿಗರಿ ಮಾಡುವುದು. ಎಣ್ಣೆ ಇಲ್ಲದೆ ಹಲಸಿನ ಹಪ್ಪಳ ಸುಡುವುದು. ಮಕ್ಕಳ ಹುಟ್ಟುಹಬ್ಬ ಬಂದರೆ ಕೇಕ್. ಅಂದರೆ ಪದಾರ್ಥ ಬರುವುದು ಜಾಸ್ತಿ ಫ್ರಿಜ್‌ನಿಂದ, ಹೋಗುವುದು ಊಟದ ಮೇಜಿಗೆ. ಗ್ಯಾಸ್ ಒಲೆಗೂ ಇದಕ್ಕೂ ಅಷ್ಟೇನೂ ವ್ಯವಹಾರ ಇಲ್ಲ. ನಿಮ್ಮ ಮನೆಯಲ್ಲಿ ಫ್ರಿಜ್ ಮತ್ತು ಊಟದ ಹಾಲ್‌ನ ಬಾಗಿಲು ಎರಡೂ ದಕ್ಷಿಣದ ಗೋಡೆಯಲ್ಲೇ ಇವೆ. ಹಾಗಾಗಿ ಆ ಎರಡೂವರೆ ಅಡಿ ಸಂದು ಮೈಕ್ರೋವೇವ್‌ಗೆ ಹೇಳಿ ಮಾಡಿಸಿದ ಜಾಗ.

ಇನ್ನೊಂದು ಕಾರಣ ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಕಟ್ಟೆ ಮೇಲೆ ಇಡುವ ಮೈಕ್ರೋವೇವ್‌ಗಳ ಬಾಗಿಲು ಹೆಚ್ಚುಕಡಿಮೆ ಎಲ್ಲವೂ ಎಡಕ್ಕೇ ತೆರೆಯುತ್ತವೆ. ಬಟನ್‌ಗಳು ಬಲಗಡೆ, ಬಾಗಿಲ ಕೀಲು ಎಡಗಡೆ. ಬಾಗಿಲು ತೆರೆದು ನಿಂತಾಗ ಎಡಗಡೆಯ ಕಟ್ಟೆ ಬಾಗಿಲ ಹಿಂದೆ ಹೋಗಿಬಿಡುತ್ತದೆ. ಅಲ್ಲಿ ಪಾತ್ರೆ ಇಡಬೇಕಾದರೆ ಬಿಸಿ ಬಟ್ಟಲು ಹಿಡಿದುಕೊಂಡೇ ಬಾಗಿಲನ್ನು ಸುತ್ತಿ ಹೋಗಬೇಕು. ಹಾಗಾಗಿ ಖಾಲಿ ಕಟ್ಟೆ ಯಾವಾಗಲೂ ಯಂತ್ರದ ಬಲಕ್ಕೆ ಇರಬೇಕು. ದಕ್ಷಿಣದ ಗೋಡೆಗೆ ಮುಖ ಮಾಡಿ ನಿಂತರೆ ನಿಮ್ಮ ಎಡಕ್ಕೆ ಫ್ರಿಜ್, ಬಲಕ್ಕೆ ಸಿಂಕ್ ಕಟ್ಟೆಯ ತುದಿ. ಅಲ್ಲಿ ಎರಡಡಿ ಚೌಕದ ಮೂಲೆ ಸುಮ್ಮನೆ ಸಿಗುತ್ತದೆ. ಸಾಮಾನ್ಯವಾಗಿ ಕಟ್ಟೆಯ ಮೂಲೆ ಯಾರಿಗೂ ಬೇಡ. ಉಪ್ಪಿನ ಡಬ್ಬ, ಎಣ್ಣೆ ಡಬ್ಬ, ಹಳೇ ಪೇಪರ್ ಸೇರುವ ಜಾಗ ಅದು. ನಿಮ್ಮಲ್ಲಿ ಅದನ್ನು ಖಾಲಿ ಬಿಡಿ. ಡ್ರೈನರ್ ಬುಟ್ಟಿಯನ್ನು ಸಿಂಕ್‌ನ ಆಚೆ ಬದಿಗೆ ಇಡಿ, ಈ ಮೂಲೆಗೆ ಬರಕೂಡದು.

ಅಮೆರಿಕದಲ್ಲಿ ಎನ್‌ಕೆಬಿಎ ಅಂತ ಅಡುಗೆಮನೆ ವಿನ್ಯಾಸದವರ ಸಂಘ ಇದೆ. ಅವರ ಅಳತೆ ಪ್ರಕಾರ ಮೈಕ್ರೋವೇವ್‌ನ ಪಕ್ಕ, ಮೇಲೆ ಅಥವಾ ಕೆಳಗೆ ಕನಿಷ್ಠ 15 ಇಂಚು ಖಾಲಿ ಕಟ್ಟೆ ಇರಬೇಕು. ನಿಮಗೆ 24 ಇಂಚು ಸಿಗುತ್ತಿದೆ. ಧಾರಾಳ ಆಯಿತು.

ಅದೇ ಸಂಘದವರ ಇನ್ನೊಂದು ಅಳತೆಯನ್ನು ಮಾತ್ರ ಹಾಗೇ ತರಬೇಡಿ. ಮೈಕ್ರೋವೇವ್‌ನ ತಳ ಬಳಸುವವರ ಭುಜಕ್ಕಿಂತ 3 ಇಂಚು ಕೆಳಗಿರಲಿ, ಏನೇ ಆದರೂ ನೆಲದಿಂದ 54 ಇಂಚು ದಾಟದಿರಲಿ ಅನ್ನುತ್ತಾರೆ ಅವರು. 54 ಇಂಚು ಅಂದರೆ 137 ಸೆಂ.ಮೀ., ನಾಲ್ಕೂವರೆ ಅಡಿ. ನಿಮ್ಮ ಮಾಡ್ಯುಲರ್‌ನವರು ಹೇಳಿದ ಎತ್ತರ ಇದೇ ಅಲ್ವಾ? ಆ ಲೆಕ್ಕ ಎಲ್ಲಿಂದ ಬಂತು ಅಂತ ಈಗ ಗೊತ್ತಾಗಿರಬೇಕು. ಆದರೆ ಅವರು ಮೇಲಿನ ಮಿತಿಯನ್ನೇ ಅಳತೆ ಮಾಡಿಕೊಂಡಿದ್ದಾರೆ, ಭುಜದ ಮಾತು ಬಿಟ್ಟಿದ್ದಾರೆ. 5 ಅಡಿ 1 ಇಂಚಿನ ನಿಮಗೆ ಭುಜ ಬರುವುದೇ ಸುಮಾರು 125ರಿಂದ 130 ಸೆಂ.ಮೀ.ಗೆ. 137ಕ್ಕೆ ತಳ ಇಟ್ಟರೆ ಬಿಸಿ ಸಾರಿನ ಬಟ್ಟಲು ನಿಮ್ಮ ಗಲ್ಲದ ಎದುರಿಗೆ ಬರುತ್ತದೆ. ಅತ್ತೆಯವರಿಗೆ ಮೂಗಿನ ಹತ್ತಿರ. ಒಳಗೆ ಏನಿದೆ ಅಂತ ಕಾಣುವುದೂ ಇಲ್ಲ, ತಡಕಾಡಿ ತೆಗೆಯಬೇಕು.

ಇದು ಬರೀ ಅನುಕೂಲದ ಮಾತಲ್ಲ. ಮೈಕ್ರೋವೇವ್‌ನಲ್ಲಿ ಕಾಯಿಸಿದ ನೀರು ಕೆಲವೊಮ್ಮೆ ಕುದಿಯುವ ಬಿಸಿ ದಾಟಿದ್ದರೂ ಒಂದು ಗುಳ್ಳೆಯೂ ಏಳದೆ ತಣ್ಣಗಿದ್ದಂತೆ ಕಾಣುತ್ತದೆ. ನಯವಾದ ಗಾಜಿನ ಲೋಟದಲ್ಲಿ ಹೀಗಾಗುವುದು ಜಾಸ್ತಿ. ಲೋಟ ಅಲುಗಿದರೆ ಅಥವಾ ಚಮಚ ಹಾಕಿದರೆ ಒಮ್ಮೆಲೇ ಉಕ್ಕಿ ಚಿಮ್ಮುತ್ತದೆ. ಮುಖದ ಎತ್ತರದಲ್ಲಿ ಇಂಥದ್ದು ಆಗಬಾರದು. ಕನ್ವೆಕ್ಷನ್‌ನಲ್ಲಿ ಕೇಕ್ ಮಾಡುವಾಗಲಂತೂ ಒಳಗಿನ ತಟ್ಟೆ, ಜಾಲರಿ ಎಲ್ಲ 180, 200 ಡಿಗ್ರಿ ಬಿಸಿ ಇರುತ್ತದೆ. ಅದನ್ನು ಕೈ ಎತ್ತಿ ತೆಗೆಯುವುದು ಬೇರೆ, ಮೊಣಕೈ ಮಟ್ಟದಲ್ಲಿ ಎಳೆದುಕೊಳ್ಳುವುದು ಬೇರೆ.

ಹಾಗಾದರೆ ಎಷ್ಟು ಎತ್ತರ? ನಿಮ್ಮ ಮನೆಗೆ ನನ್ನ ಲೆಕ್ಕ ಸರಳ. ಸಿಂಕ್ ಕಟ್ಟೆಯ ಗ್ರಾನೈಟನ್ನೇ ಮುಂದುವರಿಸಿ ಫ್ರಿಜ್‌ವರೆಗೆ ತನ್ನಿ. ಅದೇ ಎತ್ತರ, ಅದೇ ಕಲ್ಲು. ಅದರ ಮೇಲೆ ಮೈಕ್ರೋವೇವ್. ಕಟ್ಟೆಯ ಎತ್ತರ 34 ಇಂಚು ಇರಲಿ, ಅಂದರೆ 86 ಸೆಂ.ಮೀ. ಯಂತ್ರದ ಜತೆ ಬರುವ ಪುಸ್ತಕ ತೆಗೆದು ನೋಡಿ. ತುಂಬಾ ಕಂಪನಿಗಳು ನೆಲದಿಂದ ಕನಿಷ್ಠ 85 ಸೆಂ.ಮೀ. ಎತ್ತರ ಕೇಳುತ್ತವೆ, ಅದಕ್ಕೂ ಸರಿಹೋಗುತ್ತದೆ. ಒಂದೇ ಮಟ್ಟದ ಕಲ್ಲಾದರೆ ಬಟ್ಟಲನ್ನು ಹೊರಗೆ ಎಳೆದು ಬಲಕ್ಕೆ ಇಳಿಸಿದರೆ ಮುಗೀತು. ಎತ್ತಿಕೊಂಡು ಓಡಾಡುವುದಿಲ್ಲ. ಕೈ ನಡುಗುವ ವಯಸ್ಸಿನವರಿಗೆ ಇದು ದೊಡ್ಡ ವ್ಯತ್ಯಾಸ.

ಕಟ್ಟೆ ಜಾಗ ಹಾಳಾಗುತ್ತದೆ ಅಂತ ಮಾಡ್ಯುಲರ್‌ನವರು ಹೇಳಬಹುದು. ಪಟ್ಟಣದ ಫ್ಲಾಟ್‌ನಲ್ಲಿ ಆ ಮಾತು ಒಪ್ಪುತ್ತೇನೆ. ಶಿವಮೊಗ್ಗದ ಹೊಸ ಬಡಾವಣೆಗಳಲ್ಲಿ 8 ಅಡಿ ಅಡುಗೆಮನೆಗೆ ಕಟ್ಟೆ ಅಂತ ಸಿಗುವುದೇ ಚೂರು. ಅಲ್ಲಿ ಮೈಕ್ರೋವೇವನ್ನು ಕಟ್ಟೆಯಿಂದ ಎತ್ತಲೇಬೇಕಾಗುತ್ತದೆ. ನಿಮಗೆ ಎರಡೂ ಕಡೆ ಉದ್ದಕ್ಕೆ ಕಟ್ಟೆ ಇದೆ. ಆ ಸಂದಿನಲ್ಲಿ ಟಾಲ್ ಯೂನಿಟ್ ಬಂದರೆ ಅಲ್ಲಿ ಹೇಗೂ ಕಟ್ಟೆ ಇರುತ್ತಿರಲಿಲ್ಲ. ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ಈಗ ಪೆಟ್ಟಿಗೆಯ ವಿಷಯ. ನಿಮ್ಮದು ಕಟ್ಟೆ ಮೇಲಿಡುವ ಮಾದರಿ, ಕಪಾಟಿನೊಳಗೆ ಕೂರಿಸುವ ಬಿಲ್ಟ್-ಇನ್ ಮಾದರಿ ಅಲ್ಲ. ನೋಡಲು ಎರಡೂ ಒಂದೇ ಥರ ಕಂಡರೂ ಗಾಳಿ ಆಡುವ ದಾರಿ ಬೇರೆ. ಕಟ್ಟೆ ಮಾದರಿ ಹಿಂದಿನಿಂದ, ಪಕ್ಕದಿಂದ, ಮೇಲಿನಿಂದ ಬಿಸಿ ಗಾಳಿ ಬಿಡುತ್ತದೆ. ಸಾಮಾನ್ಯವಾಗಿ ಮೇಲೆ 20 ಸೆಂ.ಮೀ., ಹಿಂದೆ 10 ಸೆಂ.ಮೀ., ಅಕ್ಕಪಕ್ಕ 5ರಿಂದ 10 ಸೆಂ.ಮೀ. ಬಿಡಿ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. 28 ಲೀಟರ್ ಯಂತ್ರ ಸುಮಾರು 52 ಸೆಂ.ಮೀ. ಅಗಲ, 31 ಸೆಂ.ಮೀ. ಎತ್ತರ, 47ರಿಂದ 50 ಸೆಂ.ಮೀ. ಆಳ ಇರುತ್ತದೆ. ನಿಮ್ಮದನ್ನು ಒಮ್ಮೆ ಅಳೆದುಕೊಳ್ಳಿ. ಎರಡೂವರೆ ಅಡಿ ಅಂದರೆ 76 ಸೆಂ.ಮೀ. ಅಗಲದಲ್ಲಿ 52 ಹೋದರೆ ಎರಡು ಬದಿಗೂ ಸೇರಿ 24 ಉಳಿಯುತ್ತದೆ. ಆಳದಲ್ಲಿ ಹಿಂದಿನ 10 ಸೇರಿ 57ರಿಂದ 60. ನಿಮ್ಮ ಎರಡಡಿ ಕಟ್ಟೆಗೆ ಸರಿಯಾಗಿ ಕೂತಿತು. ಇದೇ ಲೆಕ್ಕದಿಂದ ಗೋಡೆ ಕಪಾಟಿನ ಆಸೆಯನ್ನೂ ಬಿಡಬಹುದು. ಅವು ಒಂದಡಿ ಚಿಲ್ಲರೆ ಆಳ, ಅಷ್ಟೇ. 20 ಲೀಟರ್‌ನ ಸೋಲೋ, ಅಂದರೆ ಬರೀ ಬಿಸಿ ಮಾಡುವ ಯಂತ್ರವೂ ಅದರಲ್ಲಿ ಮುಂದಕ್ಕೆ ಚಾಚಿಕೊಂಡೇ ಇರುತ್ತದೆ.

ಮೇಲಿನ ಕಪಾಟು ಬೇಕಾದರೆ ಅದರ ತಳ ನೆಲದಿಂದ 140 ಸೆಂ.ಮೀ.ಗೆ ಶುರುವಾಗಲಿ. 86 ಕಟ್ಟೆ, 31 ಯಂತ್ರ, 20 ಗಾಳಿ, ಮೂರು ಸೆಂ.ಮೀ. ಇರಲಿ ಅಂತ.

ಸಾಗರದ ಕಡೆ ಒಂದು ಮನೆಯಲ್ಲಿ ಕಟ್ಟೆ ಮಾದರಿಯ ಮೈಕ್ರೋವೇವನ್ನು ಟಾಲ್ ಯೂನಿಟ್‌ನಲ್ಲಿ ಬಿಗಿಯಾಗಿ ಕೂರಿಸಿ, ಅಂದಕ್ಕೆ ಶಟರ್ ಬೇರೆ ಹಾಕಿದ್ದರು. ಕೇಕ್ ಇಟ್ಟು ಅರ್ಧ ಗಂಟೆಗೆ ಯಂತ್ರ ತಾನಾಗಿ ನಿಂತುಬಿಡುತ್ತಿತ್ತು. ರಿಪೇರಿಯವರನ್ನು ಕರೆಸಿದರೆ ಯಂತ್ರದಲ್ಲಿ ದೋಷವೇ ಇರಲಿಲ್ಲ. ಜಾಸ್ತಿ ಬಿಸಿಯಾದರೆ ಕರೆಂಟ್ ಕಡಿಯುವ ಒಂದು ಸಣ್ಣ ರಕ್ಷಣೆಯ ಭಾಗ ಒಳಗೆ ಇರುತ್ತದೆ. ಅದು ತನ್ನ ಕೆಲಸ ಮಾಡುತ್ತಿತ್ತು, ಅಷ್ಟೆ. ಅಷ್ಟರಲ್ಲಿ ಪೆಟ್ಟಿಗೆಯ ಒಳಗಿನ ಲ್ಯಾಮಿನೇಟ್ ಅಂಚು ಎದ್ದು ಬಂದಿತ್ತು. ಕಾರಣ ಬಿಸಿ ಒಂದೇ ಅಲ್ಲ. ಅನ್ನ, ಸಾರು ಬಿಸಿ ಮಾಡಿದಾಗ ಬರುವ ಹಬೆ ಹೊರಗೆ ಹೋಗಲು ದಾರಿ ಇಲ್ಲ. ಜುಲೈ ತಿಂಗಳ ನಮ್ಮ ಗಾಳಿಯಲ್ಲೇ ನೀರಿರುತ್ತದೆ, ಅದರ ಮೇಲೆ ಈ ಹಬೆ.

ಹಾಗಾಗಿ ಮೈಕ್ರೋವೇವ್ ಸುತ್ತ ಬರುವ ಮರದ ಕೆಲಸಕ್ಕೆ ಮರದ ಪುಡಿ, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎರಡೂ ಬೇಡ. ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ ಕೇಳಿ. ಬಿಡಬ್ಲ್ಯುಪಿ ಅಂತಲೂ ಮರೈನ್ ಪ್ಲೈ ಅಂತಲೂ ಅಂಗಡಿಯಲ್ಲಿ ಹೇಳುತ್ತಾರೆ. ಬಾಯಲ್ಲಿ ಹೇಳಿದರೆ ಸಾಲದು, ಹಾಳೆಯ ಮೇಲೆ ಮುದ್ರೆ ನೋಡಿ. ಕಡಿದ ಅಂಚುಗಳಿಗೆಲ್ಲ ಬ್ಯಾಂಡಿಂಗ್ (ಅಂಚು ಮುಚ್ಚುವ ಪಟ್ಟಿ) ಹಾಕಿಸಿ, ಕಾಣದ ಅಂಚಿಗೂ. ಆ ಭಾಗಕ್ಕೆ ಹಿಂಬದಿಯ ಹಲಗೆ ಬೇಡವೇ ಬೇಡ. ಮನೆಯಲ್ಲಿ ಕೊಯ್ದಿಟ್ಟ ಹಲಸಿನ ಹಲಗೆ ಇದ್ದರೆ ಮೇಲಿನ ತೆರೆದ ಶೆಲ್ಫಿಗೆ ಅದನ್ನೇ ಹಾಕಿ, ಪ್ಲೈಗಿಂತ ಜಾಸ್ತಿ ಬಾಳುತ್ತದೆ.

ಶೆಲ್ಫ್ ಅಂದಾಗ ನೆನಪಾಯಿತು. ನಿಮ್ಮದು ಹಳೇ ಮನೆ. ಗೋಡೆ ಮಣ್ಣಿನದ್ದೋ ಜಂಬಿಟ್ಟಿಗೆಯದ್ದೋ ಒಮ್ಮೆ ಕುಟ್ಟಿ ನೋಡಿಸಿ. ಕನ್ವೆಕ್ಷನ್ ಯಂತ್ರ 16ರಿಂದ 20 ಕೆ.ಜಿ. ತೂಗುತ್ತದೆ. ಪೇಟೆಯಲ್ಲಿ ಸಿಗುವ ಗೋಡೆ ಬ್ರಾಕೆಟ್ ಹಾಕಿ ಅದರ ಮೇಲೆ ಇಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ಹಿಡಿದಂತೆ ಕಾಣುತ್ತದೆ, ಬಾಗಿಲು ಎಳೆದು ಎಳೆದು ಆರು ತಿಂಗಳಿಗೆ ಸಡಿಲ ಆಗುತ್ತದೆ. ಭಾರ ನೆಲಕ್ಕೆ ಇಳಿಯಬೇಕು. ಕಟ್ಟೆ ಮೇಲೆ ಇಟ್ಟರೆ ಈ ತಲೆನೋವೇ ಇಲ್ಲ. ಕೆಲವರು ಹಳೇ ಗೋಡೆಯ ಗೂಡನ್ನು ಅಗಲ ಮಾಡಿಸಿ ಅದರೊಳಗೆ ಇಡಲು ನೋಡುತ್ತಾರೆ. ಚಂದ ಕಾಣುತ್ತದೆ ನಿಜ, ಆದರೆ ಮೂರು ಕಡೆ ಗೋಡೆ, ಗಾಳಿ ಸೊನ್ನೆ.

ಇನ್ನು ಫ್ರಿಜ್ ಮೇಲೆ ಇಡುವ ಮಾತು. ನಿಮ್ಮನೆಯವರಿಗೆ ಇದು ಹೊಳೆಯಲು ಕಾರಣ ಗೊತ್ತು, ಖರ್ಚಿಲ್ಲ. ಸಿಂಗಲ್ ಡೋರ್ ಫ್ರಿಜ್ ಆದರೂ ಸುಮಾರು ನಾಲ್ಕಡಿ. ಡಬಲ್ ಡೋರ್ ಆದರೆ ಐದಡಿ. ಭುಜದ ಲೆಕ್ಕ ಮೇಲೆ ಹೇಳಿದ್ದೇನೆ. ಪಕ್ಕದಲ್ಲಿ ಬಟ್ಟಲು ಇಡಲು ಜಾಗ ಇಲ್ಲ. ಫ್ರಿಜ್ ಒಳಗಿನ ಬಿಸಿಯನ್ನು ಹೊರಗೆ ಹಾಕಲು ಒದ್ದಾಡುವ ಯಂತ್ರ, ಅದರ ತಲೆ ಮೇಲೆ ಬಿಸಿ ಬಿಡುವ ಇನ್ನೊಂದು ಯಂತ್ರ. ಬರೀ ಹಾಲು ಬಿಸಿ ಮಾಡುವ ಸಣ್ಣ ಸೋಲೋ ಆದರೆ ಹೇಗೋ ನಡೆಯುತ್ತದೆ. ಕನ್ವೆಕ್ಷನ್‌ಗೆ ಖಂಡಿತ ಬೇಡ. ಅವರು ಆರಡಿ ಇದ್ದು, ದಿನಾ ಅವರೇ ಬಿಸಿ ಮಾಡಿ ಬಡಿಸುವುದಾದರೆ ಮತ್ತೆ ಮಾತಾಡೋಣ.

ಗ್ಯಾಸ್ ಪಕ್ಕ ಬೇಡ ಅನ್ನಲು ದೊಡ್ಡ ಕಾರಣ ಒಗ್ಗರಣೆ. ಎಣ್ಣೆ ಹಬೆ ಯಂತ್ರದ ಗಾಳಿ ತೂತುಗಳಲ್ಲಿ ಕೂತು, ಅದಕ್ಕೆ ಧೂಳು ಹಿಡಿದು, ಫ್ಯಾನ್ ಉಸಿರು ಕಟ್ಟುತ್ತದೆ. ಕಟ್ಟಿಗೆ ಒಲೆ ಇನ್ನೂ ಉರಿಯುವ ಮನೆಯಾದರೆ ಮಸಿಯೂ ಸೇರುತ್ತದೆ. ಯೂಟ್ಯೂಬ್‌ನಲ್ಲಿ ಅಮೆರಿಕದ ಅಡುಗೆಮನೆ ನೋಡಿ ಒಲೆಯ ಮೇಲ್ಗಡೆ ಚಿಮಣಿ ಜಾಗದಲ್ಲೇ ಮೈಕ್ರೋವೇವ್ ಹಾಕಿಸಬಹುದಾ ಅಂತ ಕೇಳುವವರಿದ್ದಾರೆ. ಅಲ್ಲಿ ಅದು ಮಾಮೂಲಿ. ಅದಕ್ಕೇ ಬೇರೆ ಮಾದರಿ ಇದೆ, ಕೆಳಗಿನಿಂದ ಹೊಗೆ ಎಳೆಯುವ ಫ್ಯಾನ್ ಕೂಡ ಅದರಲ್ಲೇ ಇರುತ್ತದೆ. ನಮ್ಮ ಕರಿಯುವ, ಹುರಿಯುವ ಅಡುಗೆಗೆ ಆ ಫ್ಯಾನ್ ಸಾಲದು. ಉರಿಯುವ ಒಲೆಯ ಮೇಲಿಂದ ಕೈ ಚಾಚಿ ಬಿಸಿ ಪಾತ್ರೆ ತೆಗೆಯುವಾಗ ಸೀರೆ ಸೆರಗು ಎಲ್ಲಿರುತ್ತದೆ ಯೋಚಿಸಿ.

ಅತ್ತೆಯವರ ಮುಸುರೆಯ ಮಾತಿಗೆ ಬರೋಣ. ಇಂಥ ಮಾತು ಬಂದರೆ ಕೆಲವು ಡಿಸೈನರ್‌ಗಳು ನಕ್ಕು ಮುಂದೆ ಹೋಗುತ್ತಾರೆ. ನಾನು ಅದನ್ನು ಪ್ಲಾನ್‌ನಲ್ಲಿ ಮೊದಲ ಗೆರೆಯಾಗಿ ಎಳೆಯುತ್ತೇನೆ. ಮಡಿ ಅಡುಗೆಯ ಕಡೆ ಒಂದು, ಉಳಿದ ಅನ್ನ ಸಾರು ಓಡಾಡುವ ಕಡೆ ಒಂದು ಅಂತ ಅಡುಗೆಮನೆಯನ್ನು ಎರಡು ಮಾಡಿದರೆ, ನಿನ್ನೆಯ ಅನ್ನ ಇರುವ ಫ್ರಿಜ್ ತಾನಾಗಿ ಎರಡನೇ ಕಡೆಗೆ ಹೋಗುತ್ತದೆ. ಅದನ್ನು ಬಿಸಿ ಮಾಡುವ ಮೈಕ್ರೋವೇವ್, ಪಾತ್ರೆ ತೊಳೆಯುವ ಸಿಂಕ್, ಊಟದ ಹಾಲ್‌ನ ಬಾಗಿಲು ಕೂಡ ಅತ್ತ ಕಡೆಯೇ. ಮಡಿ ನೋಡದ ಮನೆಯಲ್ಲೂ ಕೆಲಸದ ಓಡಾಟ ಹೀಗೇ ಬರುತ್ತದೆ. ಒಬ್ಬರು ಒಲೆ ಮುಂದೆ ಇರುವಾಗ ಇನ್ನೊಬ್ಬರು ಹಾಲು ಬಿಸಿ ಮಾಡಲು ಬಂದರೆ ಅಡ್ಡ ಬರುವುದಿಲ್ಲ. ನಿಮ್ಮಲ್ಲಿ ಪೂರ್ವದ ಕಟ್ಟೆ ಪೂರ್ತಿ ಅತ್ತೆಯವರದ್ದು. ದಕ್ಷಿಣ, ಪಶ್ಚಿಮ ನಿಮ್ಮದು. ವಾಸ್ತು ನೋಡುವವರು ಬಂದರೂ ದಕ್ಷಿಣದ ಗೋಡೆಯಲ್ಲಿ ಬೆಂಕಿಯ ಸಾಮಾನಿಗೆ ಅಷ್ಟಾಗಿ ತಕರಾರು ಮಾಡುವುದನ್ನು ನಾನು ನೋಡಿಲ್ಲ.

ಮಲೆನಾಡಿನಲ್ಲಿ ಗೋಡೆ ಆರಿಸುವಾಗ ದಿಕ್ಕಿಗಿಂತ ಮಳೆ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಪೇಟೆಯಲ್ಲಿ ಹಾಕಿದ ಪ್ಲಾನ್ ಘಟ್ಟದ ಕಡೆಗೆ ಹಾಗೇ ಹೊಂದದಿರಲು ಇದೇ ಕಾರಣ. ನಮಗೆ ಮಳೆಯ ಏಟು ಪಶ್ಚಿಮ, ನೈಋತ್ಯದಿಂದ. ನಿಮ್ಮ ಸಿಂಕ್ ಇರುವ ಪಶ್ಚಿಮದ ಗೋಡೆ ಹೊರಗಿನ ಗೋಡೆ, ಆಗಸ್ಟ್ ಹೊತ್ತಿಗೆ ಕೈ ಇಟ್ಟರೆ ತಂಪಾಗಿ ಒದ್ದೆ ಒದ್ದೆ ಇರುತ್ತದೆ. ಆ ಗೋಡೆಯಲ್ಲಿ ಪವರ್ ಪಾಯಿಂಟ್ ಹಾಕಿಸಬೇಡಿ. ದಕ್ಷಿಣದ ಗೋಡೆ ಆಚೆ ಹಾಲ್ ಇರುವುದರಿಂದ ಒಣಗಿರುತ್ತದೆ. ಸಾಕೆಟ್ ಅದರಲ್ಲೇ ಬರಲಿ. ಹೆಂಚಿನ ಸೋರಿಕೆ ಎಲ್ಲಿ ಬರುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ. ಯಂತ್ರದ ನೇರ ಮೇಲೆ ಮಾಡಿನ ಹೆಂಚು ಕೂಡುವ ಸಂದು ಬರದಂತೆ ನೋಡಿಕೊಳ್ಳಿ.

ಕರೆಂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಡಬ್ಬದ ಮೇಲೆ 900 ವ್ಯಾಟ್ ಅಂತ ಇದ್ದರೆ ಅದು ಆಹಾರಕ್ಕೆ ಸೇರುವ ಶಕ್ತಿ. ಗೋಡೆಯಿಂದ ಎಳೆಯುವುದು ಜಾಸ್ತಿ, ಸುಮಾರು 1,400 ವ್ಯಾಟ್. ಕನ್ವೆಕ್ಷನ್ ಹಾಕಿದರೆ ಎಷ್ಟೋ ಮಾದರಿಗಳಲ್ಲಿ 2,000 ದಾಟುತ್ತದೆ. 2,200 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಒಂಬತ್ತೂವರೆ ಆಂಪಿಯರ್. ಆರು ಆಂಪಿಯರ್ ಸಾಕೆಟ್‌ನ ಮಾತೇ ಇಲ್ಲ. 16 ಆಂಪಿಯರ್ ಸಾಕೆಟ್ ಬೇಕು. ಬೋರ್ಡಿನಿಂದ ಇದಕ್ಕೇ ಅಂತ 2.5 ಚ.ಮಿ.ಮೀ. ತಾಮ್ರದ ವೈರ್ ಎಳೆಸಿ, ಬೋರ್ಡ್ ತುಂಬಾ ದೂರ ಇದ್ದರೆ 4 ಚ.ಮಿ.ಮೀ. ಅದಕ್ಕೆ ಬೇರೆ 16 ಆಂಪಿಯರ್ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್. ಫ್ರಿಜ್ ಅಥವಾ ಮಿಕ್ಸಿ ಜತೆ ಹಂಚಿಕೊಳ್ಳುವುದು ಬೇಡ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದಿದ್ದರೆ ಈಗಲೇ ಹಾಕಿಸಿ, ಒದ್ದೆ ಕೈ ಓಡಾಡುವ ಜಾಗ ಇದು. ಅರ್ಥಿಂಗ್ ಗುಂಡಿಯನ್ನೂ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ತೂತಿಗೆ ವೈರೇ ಬಂದಿರುವುದಿಲ್ಲ.

ಸಾಕೆಟ್ ಯಂತ್ರದ ಹಿಂದೆ ಬರಬಾರದು. ಬಲಗಡೆ, ಖಾಲಿ ಮೂಲೆಯ ಮೇಲ್ಗಡೆ, ಕೈಗೆ ಸಿಗುವಂತೆ ಇರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಹಿಂದೆ ಇದ್ದರೆ 20 ಕೆ.ಜಿ. ಯಂತ್ರವನ್ನು ಎಳೆದು ಪ್ಲಗ್ ಕೀಳುವವರು ಯಾರು? ಯಂತ್ರದ ವೈರ್ ಗಿಡ್ಡ ಇರುತ್ತದೆ, ಒಂದು ಮೀಟರ್ ಆಸುಪಾಸು. ಅಳೆದು ಸಾಕೆಟ್ ಜಾಗ ಗುರುತು ಮಾಡಿ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಈ ಲೈನನ್ನು ಇನ್ವರ್ಟರ್‌ಗೆ ಸೇರಿಸದಂತೆ ಎಲೆಕ್ಟ್ರಿಷಿಯನ್‌ಗೆ ಒತ್ತಿ ಹೇಳಿ. ಮನೆ ಇನ್ವರ್ಟರ್ ಇದನ್ನು ತಡೆಯುವುದಿಲ್ಲ.

ವೋಲ್ಟೇಜ್ ಕಡಿಮೆ ಇರುವ ಊರಾದರೆ ಇನ್ನೊಂದು ಮಾತು. ಕನ್ವೆಕ್ಷನ್‌ನ ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಬದಲು 180 ಬಂದರೆ ಶಾಖ ಹತ್ತಿರ ಹತ್ತಿರ 60 ಪರ್ಸೆಂಟಿಗೆ ಬರುತ್ತದೆ. ಸಂಜೆ ಹೊತ್ತು ಕೇಕ್ ಉಬ್ಬದಿದ್ದರೆ ಬೇಕಿಂಗ್ ಪೌಡರನ್ನು ಬೈಯುವ ಮುಂಚೆ ಮೀಟರ್ ಹಿಡಿದು ನೋಡಿಸಿ. ಸ್ಟೆಬಿಲೈಸರ್ ಬೇಕಾಗಬಹುದು ಅನ್ನಿಸಿದರೆ ಕಟ್ಟೆಯ ಕೆಳಗೆ, ಡ್ರಾಯರ್ ಬದಲು, ಒಂದು ಗಾಳಿಯಾಡುವ ಖಾನೆ ಈಗಲೇ ಬಿಡಿಸಿ. ಆಮೇಲೆ ಅದಕ್ಕೆ ಜಾಗ ಹುಡುಕಿದರೆ ನಿಮ್ಮ ಖಾಲಿ ಮೂಲೆಗೇ ಬಂದು ಕೂರುತ್ತದೆ.

ಮಗನ ವೈಫೈ. ಮೈಕ್ರೋವೇವ್ ಕೆಲಸ ಮಾಡುವುದು 2,450 ಮೆಗಾಹರ್ಟ್ಸ್‌ನಲ್ಲಿ. ವೈಫೈನ ಹಳೇ ಬ್ಯಾಂಡ್ 2.4 ಗಿಗಾಹರ್ಟ್ಸ್. ಎರಡೂ ಒಂದೇ ಜಾಗ. ಬಾಗಿಲ ಜಾಲರಿ ಎಷ್ಟೇ ತಡೆದರೂ ಚೂರು ಸೋರುತ್ತದೆ. ಅದು ಮನುಷ್ಯರಿಗೆ ಲೆಕ್ಕಕ್ಕೆ ಬರುವಂಥದ್ದಲ್ಲ. ಯಂತ್ರದಿಂದ 5 ಸೆಂ.ಮೀ. ದೂರದಲ್ಲಿ ಚದರ ಸೆಂ.ಮೀ.ಗೆ 5 ಮಿಲಿವ್ಯಾಟ್ ಮೀರಬಾರದು ಅಂತ ಮಿತಿ ಇದೆ, ದೂರ ಹೋದಂತೆ ಇನ್ನೂ ಬೇಗ ಇಳಿಯುತ್ತದೆ. ಆದರೆ ವೈಫೈನ ಸಿಗ್ನಲ್ ಅದಕ್ಕಿಂತಲೂ ಬಡಪಾಯಿ. ಅದೇ ಗೋಡೆಯ ಆಚೆ ರೂಟರ್ ಇದ್ದರೆ ನೀವು ಹಾಲು ಬಿಸಿ ಮಾಡುವ ಎರಡು ನಿಮಿಷ ಅವನ ಮೀಟಿಂಗ್ ತಡವರಿಸಬಹುದು. ಇದಕ್ಕೆ ಮೈಕ್ರೋವೇವ್ ಜಾಗ ಬದಲಿಸಬೇಡಿ. ರೂಟರನ್ನು ಹಾಲ್‌ನ ಎದುರು ಗೋಡೆಗೆ ಹಾಕಿಸಿ, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಜೋಡಿಸಲು ಹೇಳಿ. ಅಡಿಕೆ ರೇಟು ನೋಡುವವರಿಗೂ ತೊಂದರೆ ಇರುವುದಿಲ್ಲ.

ಫ್ರಿಜ್ ಪಕ್ಕ ಇಡುವಾಗ ಒಂದು ಸಣ್ಣ ಕಿರಿಕಿರಿ ಇದೆ, ಮುಚ್ಚಿಡುವುದಿಲ್ಲ. ಫ್ರಿಜ್‌ನ ಬಾಗಿಲು ಸಾಮಾನ್ಯವಾಗಿ ಬಲಕ್ಕೆ ತೆರೆಯುತ್ತದೆ, ಮೈಕ್ರೋವೇವ್‌ನದ್ದು ಎಡಕ್ಕೆ. ಎರಡೂ ಒಟ್ಟಿಗೆ ತೆರೆದರೆ ಡಿಕ್ಕಿ ಹೊಡೆಯುತ್ತವೆ. ಫ್ರಿಜ್ ಮುಚ್ಚಿ ಆಮೇಲೆ ಮೈಕ್ರೋವೇವ್ ತೆರೆಯುವುದು ಅಭ್ಯಾಸ ಆಗಬೇಕು. ಫ್ರಿಜ್ ಆಳ ಜಾಸ್ತಿ, ಅದರ ಮೈ ಕಟ್ಟೆಗಿಂತ ಮುಂದೆ ಬರುತ್ತದೆ. ಮೈಕ್ರೋವೇವನ್ನು ಗೋಡೆಗೆ ಒತ್ತದೆ ಕಟ್ಟೆಯ ಮುಂದಂಚಿಗೆ ತನ್ನಿ, ಎಡಕ್ಕೆ 10 ಸೆಂ.ಮೀ. ಬಿಡಿ. ಆಗ ಒಳಗಿನ ಗಾಜಿನ ತಟ್ಟೆ ತೊಳೆಯಲು ತೆಗೆಯುವಷ್ಟು ಬಾಗಿಲು ಸಲೀಸಾಗಿ ತೆರೆಯುತ್ತದೆ. ಹಿಂದೆ ಉಳಿಯುವ ಸಂದಿಗೆ ತಿಂಗಳಿಗೊಮ್ಮೆ ಪೊರಕೆ ಆಡಿಸಿ. ಬೆಚ್ಚಗಿನ ಕತ್ತಲೆ ಜಾಗ ಅಂದರೆ ಜಿರಳೆ, ಹಲ್ಲಿಗೆ ಮಳೆಗಾಲದಲ್ಲಿ ತವರುಮನೆ. ಹಲ್ಲಿ ಒಳಗೆ ನುಗ್ಗಿ ಬೋರ್ಡ್ ಸುಟ್ಟರೆ ರಿಪೇರಿ ಬಿಲ್ ದೊಡ್ಡದಾಗುತ್ತದೆ. ಗಾಳಿ ತೂತು ಮುಚ್ಚಿ ಅದನ್ನು ತಡೆಯಲು ಮಾತ್ರ ಹೋಗಬೇಡಿ.

ಕಲ್ಲು ಕೊಯ್ಯಿಸುವ ಮೊದಲು ಒಂದು ಕೆಲಸ ಮಾಡಿ. ಮೈಕ್ರೋವೇವ್ ಬಂದ ರಟ್ಟಿನ ಡಬ್ಬ ಅಟ್ಟದ ಮೇಲೆ ಇರುತ್ತದೆ. ಅದನ್ನು ಅದೇ ಸಂದಿನಲ್ಲಿ 34 ಇಂಚು ಎತ್ತರದ ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ಸ್ಟೂಲ್ ಇಟ್ಟು, ಬಟ್ಟಲು ಹಿಡಿದು ತೆಗೆದ ಹಾಗೆ, ಇಟ್ಟ ಹಾಗೆ ಮಾಡಿ ನೋಡಿ. ಅತ್ತೆಯವರಿಂದಲೂ ಮಾಡಿಸಿ. ಅವರು ಅಳುಕಿದರೆ ಎತ್ತರ ಎರಡು ಇಂಚು ಬದಲಾಯಿಸಲು ಇನ್ನೂ ಸಮಯ ಇರುತ್ತದೆ.

ಟಾಲ್ ಯೂನಿಟ್‌ಗೆ ಮುಂಗಡ ಕೊಟ್ಟಾಗಿದ್ದರೆ ಅದನ್ನು ರದ್ದು ಮಾಡಿ ಜಗಳ ಆಡುವುದು ಬೇಡ. ಪೂರ್ವದ ಕಟ್ಟೆಯ ಉತ್ತರದ ತುದಿಗೆ ಕೂರಿಸಿ ದಿನಸಿಗೆ ಬಳಸಿ, ಬಾಗಿಲು ಗಾಳಿಯಾಡುವ ಜಾಲಿಯದ್ದು ಕೇಳಿ. ಎಲೆಕ್ಟ್ರಿಷಿಯನ್‌ನನ್ನು ಮಾತ್ರ ಗಾರೆಯವರಿಗಿಂತ ಮೊದಲು ಕರೆಸಿ. ಗೋಡೆ ಕೊರೆದು ಪೈಪ್ ಹೂತು ಮೇಲೆ ಗಾರೆ ಮಾಡುವುದು ಮೇ ಮುಗಿಯುವುದರೊಳಗೆ ಆಗಬೇಕು. ಜೂನ್‌ಗೆ ಬಿದ್ದರೆ ಆ ಗಾರೆ ದಸರಾ ತನಕ ಒಣಗುವುದಿಲ್ಲ.